ನೆಕ್ಸಾನ್ ಇವಿ ತಗೊಂಡು ಮೂರು ವರ್ಷ: ಮೊದಲು ಮನೆ ಅರ್ಥಿಂಗ್ ನೋಡಿಸಿ

ಮೈಸೂರಿನ ನಮ್ಮ ಮನೆಗೆ ಟಾಟಾ ನೆಕ್ಸಾನ್ ಇವಿ, ಅಂದರೆ ಕರೆಂಟಿನಲ್ಲಿ ಓಡೋ ಕಾರು, ಬಂದು ಮೂರು ವರ್ಷ ದಾಟಿತು. 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯ ಹಳೇ ಮಾದರಿ. 38 ಸಾವಿರ ಕಿಲೋಮೀಟರ್ ಓಡಿದೆ. ಸಿಕ್ಕವರೆಲ್ಲ ಕೇಳೋದು ಒಂದೇ, ಎಷ್ಟು ದೂರ ಹೋಗುತ್ತೆ ಅಂತ. ಎಸಿ ಹಾಕಿಕೊಂಡು ಹೋದರೆ ನನಗೆ ಸುಮಾರು ಇನ್ನೂರು ಕಿಲೋಮೀಟರ್ ಬರುತ್ತೆ, ಊರೊಳಗೆ ಅದು ಧಾರಾಳ. ನನ್ನ ಪ್ರಕಾರ ಅದಕ್ಕಿಂತ ಮೊದಲು ನೋಡಬೇಕಾದ್ದು ಮನೆಯ ವೈರಿಂಗ್.

ಕಾರಿನ ಜೊತೆ ಬರುವ ಚಾರ್ಜರನ್ನು 15 ಆಂಪ್ ಪಾಯಿಂಟ್‌ಗೆ ಹಾಕಬಹುದು, ಗೀಸರ್‌ಗೆ ಇರುತ್ತಲ್ಲ, ಅಂಥದ್ದೇ. ಆದರೆ ಗೀಸರ್ ಓಡೋದು ಹತ್ತು ನಿಮಿಷ, ಕಾರು ರಾತ್ರಿಯಿಡೀ ಎಂಟೊಂಬತ್ತು ಗಂಟೆ ಕರೆಂಟ್ ಎಳೆಯುತ್ತೆ. ಗೇಟಿನ ಪಕ್ಕದ ನಮ್ಮ ಹಳೇ ಸಾಕೆಟ್ ಎರಡೇ ವಾರಕ್ಕೆ ಕಂದು ಬಣ್ಣಕ್ಕೆ ತಿರುಗಿತ್ತು, ಹತ್ತಿರ ಹೋದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮೀಟರ್ ಬೋರ್ಡಿನಿಂದಲೇ ದಪ್ಪ ವೈರ್ ಎಳೆಸಿ, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ (ಎಂಸಿಬಿ) ಬೇರೆಯದೇ ಹಾಕಿಸಿದೆ.

ಆಮೇಲೆ ಏಪ್ರಿಲ್‌ನಲ್ಲಿ ಒಂದು ರಾತ್ರಿ ಚಾರ್ಜರ್ ಮೇಲೆ ಕೆಂಪು ಲೈಟ್. ಕಾರೇ ಕೆಟ್ಟಿತು ಅಂದುಕೊಂಡು ನಿದ್ದೆ ಬರಲಿಲ್ಲ. ಬೆಳಗ್ಗೆ ಎಲೆಕ್ಟ್ರಿಷಿಯನ್ ಬಂದವರು ಕಾರಿನ ಕಡೆ ತಿರುಗಿಯೂ ನೋಡದೆ ಸೀದಾ ಕಾಂಪೌಂಡ್ ಮೂಲೆಯ ಅರ್ಥಿಂಗ್ ಗುಂಡಿ (ಲೀಕ್ ಆದ ಕರೆಂಟನ್ನು ನೆಲಕ್ಕೆ ಇಳಿಸುವ ಜಾಗ) ಹತ್ತಿರ ಹೋಗಿ, "ಸಾರ್, ಎರಡು ಬಕೆಟ್ ನೀರು ತರಿಸಿ" ಅಂದರು. ಬೇಸಿಗೆಗೆ ಮಣ್ಣು ಒಣಗಿ ಅರ್ಥಿಂಗ್ ಸರಿಯಾಗಿ ಸಿಗುತ್ತಿರಲಿಲ್ಲ, ಅದು ಸಿಗದೆ ಈ ಚಾರ್ಜರ್ ಕಾರಿಗೆ ಕರೆಂಟ್ ಬಿಡೋದೇ ಇಲ್ಲ. ನೀರು ಇಂಗಿದ ಮೇಲೆ ಹಸಿರು ಲೈಟ್ ಬಂತು. ಈಗ ಬೇಸಿಗೆಯಲ್ಲಿ ಗಿಡಗಳಿಗೆ ನೀರು ಹಾಕುವಾಗ ಅಮ್ಮ ಆ ಗುಂಡಿಗೂ ಒಂದು ಬಕೆಟ್ ಹುಯ್ಯುತ್ತಾರೆ.

ಖರ್ಚಿನ ವಿಷಯ. ತಿಂಗಳಿಗೆ ಸಾವಿರ ಕಿಲೋಮೀಟರ್‌ಗೆ ಸುಮಾರು 150 ಯೂನಿಟ್ ಬೇಕು. ಮನೆಯದ್ದೂ ಸೇರಿದರೆ 200 ದಾಟುತ್ತೆ, ಅಂದರೆ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದೆ ಕಾರು ತಗೋಬೇಡಿ. ಹಾಗಿದ್ದೂ ನಮ್ಮ ಬಿಲ್ ಎರಡು ಸಾವಿರದ ಆಸುಪಾಸು, ಮೊದಲು ಪೆಟ್ರೋಲ್‌ಗೇ ಏಳು ಸಾವಿರ ಹೋಗುತ್ತಿತ್ತು. ಬಾಡಿಗೆ ಮನೆಯಲ್ಲಿದ್ದು ಓನರ್ ಪಾಯಿಂಟ್ ಹಾಕಿಸೋಕೆ ಒಪ್ಪದಿದ್ದರೆ ಮಾತ್ರ ಸದ್ಯಕ್ಕೆ ಬೇಡ ಅಂತಲೇ ಹೇಳುತ್ತೇನೆ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ ಇಪ್ಪತ್ತು ರೂಪಾಯಿ ಹತ್ತಿರ ಆಗುತ್ತೆ, ದಿನಾ ಅಲ್ಲೇ ಹಾಕಿಸಿದರೆ ಉಳಿತಾಯ ಕಡಿಮೆಯಾಗುತ್ತೆ.

ಓಡಿಸೋ ಖುಷಿ ಗೊತ್ತಾಗೋದು ಘಾಟಿಯಲ್ಲಿ. ಮಂಗಳೂರಿಗೆ ಹೋಗುವಾಗ ಮಡಿಕೇರಿಯಲ್ಲಿ 38% ಇದ್ದ ಚಾರ್ಜ್ ಸಂಪಾಜೆಗೆ ಇಳಿದಾಗ 41% ಆಗಿತ್ತು. ಇಳಿಜಾರಿನಲ್ಲಿ ಮೋಟರೇ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ವಾಪಸ್ ಕಳಿಸುತ್ತೆ, ಬ್ರೇಕ್ ತುಳಿಯೋದೂ ಕಡಿಮೆ. ಹಾಗಾಗಿ ಮೇಲೆ ಮಡಿಕೇರಿಯಲ್ಲೇ 100% ತುಂಬಿಸಿಕೊಂಡು ಇಳಿಯಬೇಡಿ. ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಜಾಗ ಇರಲ್ಲ, ಬರೀ ಬ್ರೇಕ್ ಮೇಲೆ ಇಳಿಯಬೇಕಾಗುತ್ತೆ.

ಅದೇ ದಿನ ಸುಳ್ಯ ದಾಟಿದ ಮೇಲೆ ಒಂದು ಹೋಟೆಲ್ ಮುಂದಿನ ಚಾರ್ಜರ್. ಆ್ಯಪ್‌ನಲ್ಲಿ ಹಸಿರು ಚುಕ್ಕೆ, ಹೋಗಿ ನೋಡಿದರೆ ಸ್ಕ್ರೀನ್ ಕಪ್ಪು. ಅವರ ಆ್ಯಪ್ ವಾಲೆಟ್‌ಗೆ ಮೊದಲೇ ದುಡ್ಡು ಹಾಕಿಯಾಗಿತ್ತು. ಹೆಲ್ಪ್‌ಲೈನ್‌ನವರು ಇಪ್ಪತ್ತು ನಿಮಿಷ ಲೈನಿನಲ್ಲೇ ಕಾಯಿಸಿದರು. ಹಿಂದಿನ ಸೀಟಿನಲ್ಲಿ ಮಗಳು, ಹೊರಗೆ ಜೋರು ಮಳೆ, ಉಳಿದಿದ್ದು 28%, ನಿಜಕ್ಕೂ ಸಿಟ್ಟು ಬಂತು. ಕೊನೆಗೆ ಕ್ಯಾಷಿಯರ್, "ಮಳೆಗೆ ಟ್ರಿಪ್ ಆಗ್ತದೆ ಸಾರ್" ಅಂತ ಹುಡುಗನನ್ನು ಕಳಿಸಿ ಹಿಂಬದಿಯ ಸ್ವಿಚ್ ಮೇಲೆತ್ತಿಸಿದರು. ಮುಕ್ಕಾಲು ಗಂಟೆಯಲ್ಲಿ 80% ಆಯಿತು, ಅಷ್ಟರಲ್ಲಿ ನಮ್ಮ ನೀರ್‌ದೋಸೆಯೂ ಮುಗಿದಿತ್ತು. ಹೊರಡುವಾಗ ಆ ಹೋಟೆಲ್ ನಂಬರ್ ಬರೆದುಕೊಂಡೆ. ಈಗ ಆ ಕಡೆ ಹೋಗುವಾಗಲೆಲ್ಲ ಮಡಿಕೇರಿಯಿಂದಲೇ ಫೋನ್ ಮಾಡಿ, ಸ್ವಿಚ್ ಆನ್ ಇದೆಯಾ ಅಂತ ಕೇಳಿಕೊಂಡೇ ಘಾಟಿ ಇಳಿಯೋದು.