ಮಳೆಗಾಲಕ್ಕೆ ಮುಂಚಿನ ಓವರಾಯಿಲಿಂಗ್: ಚಿಕ್ಕಮಗಳೂರಿನ ಒಂದು ಸೈಕಲ್ ಶಾಪ್

ವರ್ಷದ ಹನ್ನೆರಡು ತಿಂಗಳೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿಬರುವವರು ಒಂದು ಸೈಕಲ್ ಶಾಪಿನ ಕೆಲಸವನ್ನು ನೋಡುವ ಬಗೆ, ಭಾನುವಾರದ ಬೆಳಿಗ್ಗೆ ಮಾತ್ರ ಸೈಕಲ್ ಹೊರತೆಗೆಯುವವರ ಬಗೆಗಿಂತ ಬೇರೆಯಾಗಿರುತ್ತದೆ. ಓವರಾಯಿಲಿಂಗ್, ಅಂದರೆ ಸೈಕಲ್ಲನ್ನು ಪೂರ್ತಿ ಬಿಚ್ಚಿ ತೊಳೆದು ಗ್ರೀಸ್ ತುಂಬಿ ಜೋಡಿಸುವ ಕೆಲಸ, ಮುಗಿಸಿ ಕೈಗೆ ಕೊಟ್ಟ ದಿನ ಎಲ್ಲ ಸೈಕಲ್ಲುಗಳೂ ಹೊಳೆಯುತ್ತವೆ, ಎಲ್ಲವೂ ಹಗುರವಾಗಿಯೇ ಉರುಳುತ್ತವೆ. ಆರಿದ್ರಾ ಮಳೆ ಕಳೆದು, ಪುನರ್ವಸು ದಾಟಿ, ಪುಷ್ಯ ಮಳೆ ಹಿಡಿದುಕೊಂಡಿರುವ ಹೊತ್ತಿಗೆ ಅದೇ ಸೈಕಲ್ ಹೇಗಿದೆ ಎಂಬುದರ ಮೇಲೆ ಶಾಪಿನ ಯೋಗ್ಯತೆ ನಿರ್ಧಾರವಾಗಬೇಕು. ಎಂ.ಜಿ. ರಸ್ತೆಯ ಹಿಂದಿನ ಓಣಿಯೊಂದರಲ್ಲಿರುವ, ಬೋರ್ಡಿನ ಬಣ್ಣ ಮಾಸಿದ ಈ ಸಣ್ಣ ಶಾಪಿನ ಬಗ್ಗೆ ಬರೆಯುವಾಗ ನಾನು ಬಳಸಿರುವ ಅಳತೆಗೋಲು ಅದೊಂದೇ. ದೂರುಗಳನ್ನೂ ಹೇಳಬೇಕಿರುವುದರಿಂದ ಹೆಸರನ್ನು ಬಿಟ್ಟಿದ್ದೇನೆ. ಊರಿನಲ್ಲಿ ಸೈಕಲ್ ತುಳಿಯುವವರಿಗೆ ಗುರುತು ಸಿಗುವುದು ಕಷ್ಟವಲ್ಲ.

ಚಿಕ್ಕಮಗಳೂರು ಚಂದ್ರದ್ರೋಣ ಪರ್ವತದ ಪೂರ್ವದ ಮಗ್ಗುಲಿನಲ್ಲಿರುವುದರಿಂದ ಮೂಡಿಗೆರೆ, ಶೃಂಗೇರಿಗಳಲ್ಲಿ ಸುರಿಯುವಂಥ ಮಳೆ ಇಲ್ಲಿ ಬೀಳುವುದಿಲ್ಲ. ಆದರೆ ಸೈಕಲ್ಲಿಗೆ ಧೋ ಎಂದು ಸುರಿದು ನಿಲ್ಲುವ ಮಳೆಗಿಂತ ಇಲ್ಲಿನ ಜಿಟಿಜಿಟಿ ಮಳೆಯೇ ಹೆಚ್ಚು ಕೆಡುಕು. ಜೋರು ಮಳೆ ಕೆಸರನ್ನು ತೊಳೆದುಕೊಂಡು ಹೋಗುತ್ತದೆ. ಜಿಟಿಜಿಟಿ ಮಳೆ ರಸ್ತೆಯ ಕೆಮ್ಮಣ್ಣನ್ನು ತೆಳ್ಳಗೆ ಕಲಸಿ ಚೈನು, ಚಕ್ರದ ನಡುವಿನ ಹಬ್, ಬ್ರೇಕು, ಪೆಡಲುಗಳಿಗೆಲ್ಲ ಸವರುತ್ತದೆ, ಆ ಕೆಸರು ಒಳಹೊಕ್ಕಲ್ಲೆಲ್ಲ ಉಕ್ಕನ್ನು ಅರೆಯುತ್ತದೆ. ಅದರ ಮೇಲೆ ಊರಿನ ಏರಿಳಿತ ಬೇರೆ. ಹಿರೇಮಗಳೂರಿನ ಕಡೆಯಿಂದ ಪೇಟೆಗೆ ಬಂದು, ಅಲ್ಲಿಂದ ರತ್ನಗಿರಿ ಬೋರೆಯ ಕಡೆಗೆ ಹತ್ತುವವನಿಗೆ ಗೇರು ಮತ್ತು ಬ್ರೇಕು ಎರಡೂ ಶೋಕಿಯ ವಿಷಯಗಳಲ್ಲ.

ಶಾಪಿನ ಯಜಮಾನರು ಅರವತ್ತರ ಆಸುಪಾಸಿನವರು, ಜೊತೆಗೆ ಒಬ್ಬ ಹುಡುಗ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಟಯರುಗಳು, ನೀರಿನ ತೊಟ್ಟಿ, ಮರದ ಪೆಟ್ಟಿಗೆಯ ತುಂಬ ಅಳತೆವಾರು ಬೇರ್ಪಡಿಸಿದ ಬಾಲ್ಸು (ಉಕ್ಕಿನ ಗುಂಡುಗಳು) ಮತ್ತು ಅವನ್ನು ಒತ್ತಿ ಹಿಡಿಯುವ ಕೋನುಗಳು. ಹಬ್, ಹ್ಯಾಂಡಲ್, ಪೆಡಲಿನ ನಡು ಆಕ್ಸಲ್, ಹಿಂಚಕ್ರದ ಹಲ್ಲುಗಾಲಿಯಾದ ಫ್ರೀವೀಲ್ ಎಲ್ಲವನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿ, ಎರಡೂ ಚಕ್ರಗಳ ಬೆಂಡ್ ತೆಗೆದು ಕೊಡುವುದಕ್ಕೆ ಸಾದಾ ಸೈಕಲ್ಲಾದರೆ 600 ರೂಪಾಯಿ, ಗೇರ್ ಸೈಕಲ್ಲಾದರೆ 900 ರೂಪಾಯಿ ತೆಗೆದುಕೊಳ್ಳುತ್ತಾರೆ. ಸಾಮಾನಿನ ಬೆಲೆ ಬೇರೆ. ಹಿಂಚಕ್ರದ ಹಬ್ಬಿನಲ್ಲಿ ಒಂದೊಂದು ಬದಿಗೆ ಕಾಲಿಂಚಿನ ಒಂಬತ್ತು ಬಾಲ್ಸು ಕೂರುತ್ತವೆ. ಒಂದು ಸವೆದಿದ್ದರೂ ಯಜಮಾನರು ಒಂಬತ್ತನ್ನೂ ಬದಲಿಸುತ್ತಾರೆ, ಹಳೆಯದರ ನಡುವೆ ಹೊಸದೊಂದನ್ನು ಸೇರಿಸಿದರೆ ಭಾರವೆಲ್ಲ ಆ ಒಂದರ ಮೇಲೇ ಬೀಳುತ್ತದೆಂಬ ಕಾರಣಕ್ಕೆ. ಬಾಲ್ಸಿನ ವಿಷಯದಲ್ಲಿ ಹೀಗೆ ಧಾರಾಳಿಯಾದ ಮನುಷ್ಯ ಟಯರು, ಚೈನಿನ ವಿಷಯಕ್ಕೆ ಬಂದರೆ ನಮ್ಮ ದುಡ್ಡಿನ ಮೇಲೆ ನಮಗಿಂತ ಹೆಚ್ಚು ಜಿಪುಣ. “ಮೇಷ್ಟ್ರೇ, ಈ ಟಯರು ಇನ್ನೊಂದು ಮಳೆಗಾಲ ಬರುತ್ತೆ, ಸುಮ್ನೆ ಯಾಕೆ ಹಾಕಿಸ್ತೀರಿ?” ಎಂದು ಹೇಳಿ ವ್ಯಾಪಾರವನ್ನೇ ಕಳೆದುಕೊಂಡದ್ದನ್ನು ಕಂಡಿದ್ದೇನೆ.

ಅವರ ಕೆಲಸದ ಗುಣ ತಿಳಿಯಬೇಕಾದರೆ ಕಾಟರ್ ಪಿನ್ ಬದಲಿಸುವುದನ್ನು ನಿಂತು ನೋಡಬೇಕು. ಹಳೇ ಮಾದರಿಯ ಕಪ್ಪು ಸೈಕಲ್ಲುಗಳಲ್ಲಿ ಪೆಡಲು ಕೂರುವ ತೋಳಾದ ಕ್ರ್ಯಾಂಕನ್ನು ಆಕ್ಸಲಿಗೆ ಕಚ್ಚಿ ಹಿಡಿಯುವುದು ಈ ಪಿನ್ನು, ಒಂದು ಮಗ್ಗುಲು ಓರೆಯಾಗಿ ಚಪ್ಪಟೆಯಾಗಿರುವ ಸಣ್ಣ ಉಕ್ಕಿನ ಬೆಣೆ. ಅದು ಸಡಿಲವಾದರೆ ಏರಿನಲ್ಲಿ ಪ್ರತಿ ತುಳಿತಕ್ಕೂ ಕಟ್ ಎನ್ನುತ್ತದೆ, ಹಾಗೇ ಬಿಟ್ಟರೆ ಆಕ್ಸಲಿನ ಕಚ್ಚೇ ಸವೆದುಹೋಗುತ್ತದೆ. ಅನೇಕ ಕಡೆ ಪಿನ್ನನ್ನು ಪೊಟ್ಟಣದಿಂದ ತೆಗೆದವರೇ ಸುತ್ತಿಗೆಯಿಂದ ಬಡಿದು, ನಟ್ ಬಿಗಿದು, ಆಯಿತೆನ್ನುತ್ತಾರೆ. ಇವರು ಮೊದಲು ಪಿನ್ನನ್ನು ತೂರಿಸಿ ನೋಡಿ, ಹೊರತೆಗೆದು, ಅದರ ಚಪ್ಪಟೆ ಮಗ್ಗುಲಿನಲ್ಲಿ ಎಲ್ಲಿ ಉಜ್ಜಿದ ಗುರುತು ಬಿದ್ದಿದೆಯೆಂದು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾರೆ. ಗುರುತು ಒಂದು ತುದಿಯಲ್ಲಿ ಮಾತ್ರ ಇದ್ದರೆ ಅರ ಹಾಕಿ ತೀಡಿ, ಇಡೀ ಮಗ್ಗುಲು ಆಕ್ಸಲಿಗೆ ಒರಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಬಡಿಯುವ ಮುಂಚೆ ಕ್ರ್ಯಾಂಕಿನ ಅಡಿಗೆ ನೆಲದಿಂದ ಒಂದು ದಪ್ಪ ಕಬ್ಬಿಣದ ಪೈಪನ್ನು ಆನಿಸಿ ನಿಲ್ಲಿಸುತ್ತಾರೆ. ಸುತ್ತಿಗೆಯ ಪೆಟ್ಟು ಪೈಪಿನ ಮೂಲಕ ನೆಲಕ್ಕೆ ಇಳಿಯಬೇಕೇ ಹೊರತು ಒಳಗಿನ ಬಾಲ್ಸು ಮತ್ತು ಅವು ಕೂರುವ ಬಟ್ಟಲಿಗೆ (ಕಪ್) ತಾಗಬಾರದು. ಕೊನೆಗೆ ಎರಡು ಕಡೆಯ ಪಿನ್ನುಗಳನ್ನೂ ಎದುರುಬದುರು ದಿಕ್ಕಿನಿಂದ ಕೂರಿಸಿ, ಎರಡು ಕ್ರ್ಯಾಂಕುಗಳೂ ಒಂದೇ ಗೆರೆಯಲ್ಲಿವೆಯೇ ಎಂದು ಹಿಂದಿನಿಂದ ಕಣ್ಣಳತೆ ಮಾಡುತ್ತಾರೆ. ಸೈಕಲ್ ಸ್ವಲ್ಪ ದೂರ ಓಡಿದ ಮೇಲೆ ಮತ್ತೆ ತಂದು ನಟ್ ಬಿಗಿಸಿಕೊಂಡು ಹೋಗಲು ಹೇಳುತ್ತಾರೆ, ಅದಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ. ನನ್ನ ಸೈಕಲ್ಲಿನ ಕ್ರ್ಯಾಂಕು ಆಮೇಲೆ ಯಾವ ಮಳೆಗಾಲದಲ್ಲೂ ಸದ್ದು ಮಾಡಿಲ್ಲ.

ಚೈನಿನ ವಿಷಯದಲ್ಲೂ ಅಂದಾಜಿನ ಮಾತಿಲ್ಲ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು ದೂರ, ಆದ್ದರಿಂದ 24 ಕೊಂಡಿಗಳಿಗೆ ಸರಿಯಾಗಿ 12 ಇಂಚು ಬರಬೇಕು. ಯಜಮಾನರು ಉಕ್ಕಿನ ಸ್ಕೇಲನ್ನು ಚೈನಿನ ಮೇಲಿಟ್ಟು, ಕೊನೆಯ ಪಿನ್ನು 1/16 ಇಂಚು ಆಚೆ ಹೋಗಿದ್ದರೆ ಚೈನನ್ನಷ್ಟೇ ಬದಲಿಸಲು ಹೇಳುತ್ತಾರೆ. 1/8 ಇಂಚು ಹೋಗಿದ್ದರೆ ಫ್ರೀವೀಲಿನ ಹಲ್ಲುಗಳೂ ಚೈನಿನ ಜೊತೆ ಸವೆದಿರುತ್ತವೆಂದೂ, ಹೊಸ ಚೈನು ಹಳೇ ಹಲ್ಲಿನ ಮೇಲೆ ಜಾರುತ್ತದೆಂದೂ ತೋರಿಸುತ್ತಾರೆ. ನನ್ನ ಸಾದಾ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ಫ್ರೀವೀಲ್ ಇತ್ತು. 28 ಇಂಚಿನ ಚಕ್ರಕ್ಕೆ ಲೆಕ್ಕ ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಮಂಡ್ಯದ ಕಾಲುವೆ ಏರಿಗಳ ಮೇಲೆ ಅದು ಸುಖ, ನಮ್ಮೂರಿನ ಏರಿನಲ್ಲಿ ಮೊಣಕಾಲಿಗೆ ಶಿಕ್ಷೆ. ಅವರೇ 22 ಹಲ್ಲಿನ ಫ್ರೀವೀಲ್ ತರಿಸಿ, ಚೈನಿಗೆ ಕೊಂಡಿ ಸೇರಿಸಿ ಕೂರಿಸಿದರು. ಈಗ ಒಂದು ಸುತ್ತಿಗೆ ನಾಲ್ಕೂವರೆ ಮೀಟರಿಗಿಂತ ತುಸು ಕಡಿಮೆ. ಇಳಿಜಾರಿನಲ್ಲಿ ಕಾಲು ವೃಥಾ ತಿರುಗುತ್ತದೆ ನಿಜ, ಆದರೆ ಟಿಫಿನ್ ಕ್ಯಾರಿಯರು, ಪುಸ್ತಕ, ರೇನ್‌ಕೋಟು ಹೊತ್ತು ಏರು ಹತ್ತುವಾಗ ಇಳಿದು ತಳ್ಳುವ ಪ್ರಮೇಯ ತಪ್ಪಿದೆ. ಗೇರ್ ಸೈಕಲ್ ಕೊಳ್ಳಲು ಸಾವಿರಾರು ರೂಪಾಯಿ ಹೊಂದಿಸುತ್ತಿರುವವರು ಮೊದಲು ಇದನ್ನೊಮ್ಮೆ ಮಾಡಿಸಿ ನೋಡಬೇಕು.

ಪಂಕ್ಚರಿಗೆ 40 ರೂಪಾಯಿ. ಪ್ಯಾಚ್ ಹಾಕುವುದು ಎಲ್ಲರಿಗೂ ಬರುತ್ತದೆ. ಇಲ್ಲಿಯ ವಿಶೇಷವೆಂದರೆ ತೂತಿನ ಕಾರಣ ಹುಡುಕದೆ ಟ್ಯೂಬನ್ನು ಒಳಗೆ ಹಾಕುವುದಿಲ್ಲ. ಅಕ್ಕಪಕ್ಕದಲ್ಲಿ ಎರಡು ಸಣ್ಣ ತೂತುಗಳಿದ್ದರೆ ಮುಳ್ಳನ್ನು ಹುಡುಕುವ ಬದಲು, ಗಾಳಿ ಕಡಿಮೆಯಿದ್ದಾಗ ಗುಂಡಿಗೆ ಇಳಿದು ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿಕೊಂಡಿದೆಯೆಂದು ಹೇಳಿ, ಗಾಳಿ ಹೊಡೆಯದೆ ಓಡಿಸಿದ್ದಕ್ಕೆ ಹುಡುಗನ ಎದುರಿಗೇ ಬೈಯುತ್ತಾರೆ. ಸೊಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚ್ ಒತ್ತುವ ಅವಸರವೂ ಇಲ್ಲಿಲ್ಲ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯುತ್ತಾರೆ. ಮಳೆಗಾಲದಲ್ಲಿ ಈ ಕಾಯುವಿಕೆ ದೀರ್ಘವಾಗುತ್ತದೆ, ಆಗ ಹಿಂದೆ ನಿಂತಿರುವವರಿಗೆ ಸಿಟ್ಟು ಬರುವುದೂ ಸಹಜವೇ.

ಬ್ರೇಕಿನ ವಿಷಯದಲ್ಲಿ ನನ್ನ ಮೆಚ್ಚುಗೆ ಪೂರ್ತಿಯಲ್ಲ. ಕ್ರೋಮ್ ಹಾಕಿದ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರ್ ಕಟ್ಟೆಯ ಹಿಡಿತ ತೀರಾ ಕಡಿಮೆಯಾಗುತ್ತದೆ, ಅಲ್ಯೂಮಿನಿಯಂ ರಿಮ್ಮಿನಲ್ಲಿ ಅಷ್ಟು ತೊಂದರೆಯಿಲ್ಲ. ಯಜಮಾನರು ರಾಡ್ ಬ್ರೇಕಿನ ರಾಡುಗಳನ್ನು ನೇರ ಮಾಡಿ, ಕಟ್ಟೆಗಳು ರಿಮ್ಮಿಗೆ ಸಮನಾಗಿ ಕೂರುವಂತೆ ಬಿಗಿಯುವುದರಲ್ಲಿ ನಿಪುಣರು. ಇಳಿಜಾರು ಬರುವ ಮುಂಚೆಯೇ ಬ್ರೇಕನ್ನು ಮೆಲ್ಲಗೆ ಹಿಡಿದು ರಿಮ್ಮಿನ ನೀರು ಒರೆಸಿಕೊಳ್ಳಬೇಕೆಂಬ ಅವರ ಸಲಹೆಯೂ ಸರಿಯಾದದ್ದೇ. ಆದರೆ ಅವರು ಇಟ್ಟಿರುವ ಕಟ್ಟೆಗಳು ಅಗ್ಗದವು, ಗಟ್ಟಿ ರಬ್ಬರಿನವು. ಒಳ್ಳೆಯದನ್ನು ತರಿಸಿ ಎಂದರೆ ಯಾರೂ ಕೊಳ್ಳುವುದಿಲ್ಲ ಎನ್ನುತ್ತಾರೆ. ನಾನು ಬೆಂಗಳೂರಿನಿಂದ ತಂದು ಕೊಟ್ಟು ಹಾಕಿಸಿಕೊಳ್ಳುತ್ತಿದ್ದೇನೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಸೈಕಲ್ಲುಗಳನ್ನು ಮುಟ್ಟುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತಾರೆ.

ಮುಖ್ಯವಾದ ದೂರುಗಳು ಮೂರು. ಒಂದನೆಯದು ಹೊತ್ತಿನದು: ಶನಿವಾರ ಕೊಡುತ್ತೇನೆ ಎಂದರೆ ಮಂಗಳವಾರ ಎಂದು ತಿಳಿಯಬೇಕು. ಸೈಕಲ್ಲೊಂದನ್ನೇ ನಂಬಿದವರಿಗೆ ಆ ಮೂರು ದಿನ ಆಟೋ ಬಾಡಿಗೆಯ ದಂಡ. ಬದಲಿಗೆ ಓಡಿಸಲು ಒಂದು ಹಳೇ ಸೈಕಲ್ಲನ್ನಾದರೂ ಇಡಿ ಎಂದು ಸೂಚಿಸಿದ್ದೇವೆ, ಇನ್ನೂ ಇಟ್ಟಿಲ್ಲ. ಎರಡನೆಯದು, ಎಷ್ಟು ಹೇಳಿದರೂ ಚೈನಿಗೆ ಮೋಟರ್‌ಸೈಕಲ್ಲಿನಿಂದ ಇಳಿಸಿದ ವೇಸ್ಟ್ ಆಯಿಲ್ ಸುರಿಯುವ ಅಭ್ಯಾಸ. ಲೋಹದ ಪುಡಿ ತುಂಬಿದ ಆ ಎಣ್ಣೆ ಕೆಮ್ಮಣ್ಣನ್ನು ಹಿಡಿದಿಟ್ಟುಕೊಂಡು, ಅವರೇ ಜತನದಿಂದ ಅಳೆದು ಹಾಕಿದ ಚೈನನ್ನು ಅವರೇ ಸವೆಸಿದಂತಾಗುತ್ತದೆ. ಇಷ್ಟು ನಾಜೂಕಿನ ಕೆಲಸಗಾರರಿಗೆ ಇದೊಂದು ಏಕೆ ಕಾಣುವುದಿಲ್ಲವೋ! ಹೊಸ ಎಣ್ಣೆಯ ಸಣ್ಣ ಬಾಟಲಿಯನ್ನು ನೀವೇ ಒಯ್ದು, ಕೊಂಡಿಗೊಂದು ಹನಿ ಬಿಟ್ಟು ಉಳಿದದ್ದನ್ನು ಬಟ್ಟೆಯಿಂದ ಒರೆಸಲು ಹೇಳುವುದೇ ಉಪಾಯ. ಮೂರನೆಯದು, ರಸೀದಿ ಕೊಡುವುದಿಲ್ಲ, ಹಾಕಿದ ಸಾಮಾನಿನ ಪಟ್ಟಿಯನ್ನೂ ಬರೆಯುವುದಿಲ್ಲ. ಆದರೂ ಬಿಚ್ಚಿದ ಹಳೇ ಸಾಮಾನನ್ನೆಲ್ಲ ಕಾಗದದಲ್ಲಿ ಕಟ್ಟಿ ಕೈಗೆ ಕೊಡುವುದರಿಂದ ಮೋಸದ ಅನುಮಾನಕ್ಕೆ ಎಡೆಯಿಲ್ಲ. ದೊಡ್ಡ ಷೋರೂಮೊಂದರಲ್ಲಿ ಗೇರ್ ಸೈಕಲ್ ಕೊಂಡ ನನ್ನ ಸಹೋದ್ಯೋಗಿಗೆ ಮುದ್ರಿತ ಬಿಲ್ಲು, ಮೊಬೈಲಿಗೆ ಸಂದೇಶ ಎಲ್ಲವೂ ಬಂದವು, ಉಚಿತ ಸರ್ವಿಸ್ ಎಂಬುದರಲ್ಲಿ ಮಾತ್ರ ಗಾಳಿ ಹೊಡೆದು ಸೈಕಲ್ ಒರೆಸಿದ್ದಷ್ಟೇ.

ಟಯರು ಕೊಳ್ಳುವವರಿಗೆ ಈ ಶಾಪಿನಿಂದ ಆಗುವ ಇನ್ನೊಂದು ಪ್ರಯೋಜನವನ್ನು ಹೇಳಲೇಬೇಕು. 28 ಇಂಚು ಎಂದು ಕರೆಯುವ ಟಯರುಗಳೆಲ್ಲ ಒಂದೇ ಅಲ್ಲ. ನಮ್ಮ ಹಾಲಿನವರ ಕಪ್ಪು ಸೈಕಲ್ಲಿನ 28 x 1½ ಟಯರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್. ಈಗಿನ ಹೈಬ್ರಿಡ್ ಸೈಕಲ್ಲುಗಳ 700ಸಿ ಟಯರಿನ ಮೇಲೂ ಕೆಲವೊಮ್ಮೆ 28 ಎಂದೇ ಬರೆದಿರುತ್ತದೆ, ಅದರ ವ್ಯಾಸ 622. ಆನ್‌ಲೈನಿನಲ್ಲಿ ತರಿಸಿ, ರಿಮ್ಮಿಗೆ ಏರದೆ ಬೆರಳು ನೋಯಿಸಿಕೊಂಡು ಬಂದವರಿಗೆ ಯಜಮಾನರು ಟಯರಿನ ಬದಿಯಲ್ಲಿ ಅಚ್ಚಾದ ಈ ಮೂರಂಕಿಯ ಸಂಖ್ಯೆಯನ್ನು ತೋರಿಸಿ ಕಳಿಸುತ್ತಾರೆ. 635ರ ಟಯರು, ಕಾಟರ್ ಪಿನ್ನು, ಗಾಳಿ ತಡೆಯುವ ವಾಲ್‌ಟ್ಯೂಬು ಇಂಥವನ್ನು ಈಗಲೂ ಇಟ್ಟುಕೊಂಡಿರುವುದು ಸಣ್ಣ ಸಂಗತಿಯಲ್ಲ. ಸೈಕಲ್ ತಯಾರಿಸುವ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್‌ನಲ್ಲಿ ಕೆಲಸ ನಿಲ್ಲಿಸಿದ ಸುದ್ದಿ ಓದಿದ ಮೇಲೆ ತಾನು ಸಾಮಾನು ಕೂಡಿಹಾಕಲು ಶುರು ಮಾಡಿದೆನೆಂದು ಅವರೇ ಹೇಳುತ್ತಾರೆ. 2006-07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸಿಕ್ಕಿದ ಸೈಕಲ್ಲುಗಳಲ್ಲಿ ಕೆಲವು ಇವತ್ತೂ ಅಪ್ಪಂದಿರ ಕೈಗೆ ದಾಟಿ, ತೋಟದ ಕೆಲಸಕ್ಕೆ ಓಡುತ್ತ, ದುರಸ್ತಿಗೆ ಇಲ್ಲಿಗೇ ಬರುತ್ತವೆ.

ಶಾಪಿನ ಹೊರಗೆ ಸರಪಳಿ ಹಾಕಿ ಕಟ್ಟಿದ ಒಂದು ನಿಂತು ಹೊಡೆಯುವ ಪಂಪಿದೆ. ಯಾರು ಬೇಕಾದರೂ ಬಂದು ಗಾಳಿ ಹೊಡೆದುಕೊಳ್ಳಬಹುದು, ದುಡ್ಡಿಲ್ಲ, ಶಾಪಿಗೆ ಬಾಗಿಲು ಹಾಕಿದ ಮೇಲೂ ಪಂಪು ಅಲ್ಲೇ ಇರುತ್ತದೆ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂದದ್ದನ್ನು ತೋರಿಸಿ, ನಮ್ಮೂರಲ್ಲಿ ಅಷ್ಟಲ್ಲದಿದ್ದರೂ ಬಸ್ ನಿಲ್ದಾಣ, ಮಾರುಕಟ್ಟೆಗಳ ಬಳಿ ಸೈಕಲ್ ಕಟ್ಟಿ ನಿಲ್ಲಿಸಲು ಕಬ್ಬಿಣದ ಕಂಬಿಗಳನ್ನಾದರೂ ಹಾಕಿಸಿ ಎಂದು ನಾವು ಕೆಲವರು ಸಹಿ ಸಂಗ್ರಹಿಸುತ್ತಿದ್ದೇವೆ. ಆ ಪುಸ್ತಕವನ್ನೂ ಈ ಶಾಪಿನ ಮೇಜಿನ ಮೇಲೇ ಇಟ್ಟಿದ್ದೇವೆ. ಸಹಿ ಹಾಕಿದವರಲ್ಲಿ ಹವ್ಯಾಸಿಗಳಿಗಿಂತ ಹಾಲು, ಪೇಪರ್ ಹಾಕುವವರು, ಗಾರೆ ಕೆಲಸದವರು, ಹೋಟೆಲಿನ ಹುಡುಗರೇ ಹೆಚ್ಚು. ಸೈಕಲ್ಲಿನ ಪರವಾಗಿ ಮಾತಾಡುವಾಗ ಯಾರ ಪರವಾಗಿ ಮಾತಾಡುತ್ತಿದ್ದೇವೆ ಎಂಬುದು ಹಾಳೆ ತಿರುವಿದರೆ ತಿಳಿಯುತ್ತದೆ.

ಓವರಾಯಿಲಿಂಗ್ ಮಾಡಿಸುವವರು ಮೇ ತಿಂಗಳ ನಡುವಿನಲ್ಲೇ ಸೈಕಲ್ ಕೊಟ್ಟುಬಿಡುವುದು ಒಳ್ಳೆಯದು. ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳ ಸೈಕಲ್ಲುಗಳು ಓಣಿಯ ತುಂಬ ನಿಂತಿರುತ್ತವೆ, ಆಗ ನಿಮ್ಮ ಸರದಿ ಯಾವಾಗ ಬರುತ್ತದೆಂದು ಯಜಮಾನರಿಗೂ ಹೇಳಲಾಗದು. ಕೊಡುವಾಗ ಒಳ್ಳೆಯ ಬ್ರೇಕ್ ಕಟ್ಟೆ ಮತ್ತು ಚೈನಿನ ಎಣ್ಣೆಯನ್ನು ಜೊತೆಗೇ ಕೊಡಿ, ಮಡ್‌ಗಾರ್ಡಿನ ತುದಿಗೆ ಹಳೇ ಟ್ಯೂಬಿನ ಪಟ್ಟಿಯೊಂದನ್ನು ನೆಲಕ್ಕೆ ಗೇಣುದ್ದ ಇರುವವರೆಗೆ ಇಳಿಬಿಡಲು ಹೇಳಿ. ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ, ಪೆಡಲಿನ ನಡು ಆಕ್ಸಲಿಗೆ ಎರಚುವ ಕೆಸರು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಶಾಪು ಇರುವುದಿಲ್ಲ. ಫೋನ್‌ಪೇ ಈಚೆಗೆ ಬಂದಿದೆ, ಆದರೆ ಚಿಲ್ಲರೆ ಇದ್ದರೆ ಹುಡುಗನಿಗೆ ಖುಷಿ.