ಹಳೇ ವ್ಯಾಗನ್ ಆರ್: ದಾನ ಕೊಡೋದಾ, ಮಾರೋದಾ?

ಕಾರನ್ನು ಯಾವುದಾದರೂ ಆಶ್ರಮಕ್ಕೆ ಕೊಟ್ಟುಬಿಡೋಣ ಅನ್ನುವುದು ಅಪ್ಪನ ಆಸೆ, ಮಾರೋಣ ಅನ್ನುವುದು ನನ್ನದು. ಕೊನೆಗೆ ಮಾರಿದ್ದೇ ಆಯಿತು. ಬಂದ ದುಡ್ಡಿನಲ್ಲಿ ಒಂದು ಪಾಲು ಅಪ್ಪ ಹೇಳಿದ ವೃದ್ಧಾಶ್ರಮಕ್ಕೇ ಹೋಯಿತು. ಈಗ ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ, ಗಾಡಿ ಮಾರಿ, ದುಡ್ಡು ಕೊಡಿ. ಹಾಗಂತ ದಾನದ ದಾರಿಯನ್ನು ನೋಡದೆ ಹೇಳುತ್ತಿಲ್ಲ. ಆಶ್ರಮ, ಆನ್‌ಲೈನ್ ಕಂಪನಿ, ಊರಿನ ಕಾರ್ ಬಜಾರ್, ಪರಿಚಯದವರು, ಎಲ್ಲವನ್ನೂ ಒಂದು ಸುತ್ತು ಹಾಕಿ ಬಂದೆ.

ಗಾಡಿ 2011ರ ಪೆಟ್ರೋಲ್ ವ್ಯಾಗನ್ ಆರ್, ಮೈಸೂರು ರಿಜಿಸ್ಟ್ರೇಷನ್, ಒಬ್ಬರೇ ಓನರ್. ಕ್ಲಚ್ ಸ್ವಲ್ಪ ಬಿಗಿ, ಎಸಿ ಮನಸ್ಸು ಬಂದಾಗ ತಣ್ಣಗಾಗುತ್ತಿತ್ತು, ಎಂಜಿನ್ ಮಾತ್ರ ಗಟ್ಟಿ. ತೊಂದರೆ ಇದ್ದದ್ದು ವಯಸ್ಸಿನದು. ಖಾಸಗಿ ಕಾರಿನ ಆರ್‌ಸಿಗೆ, ಅಂದರೆ ನೋಂದಣಿ ಪತ್ರಕ್ಕೆ, 15 ವರ್ಷದ ಆಯುಸ್ಸು. ಆಮೇಲೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಿ, ಓಡಿಸಲು ಯೋಗ್ಯ ಅಂತ ಬರೆಸಿಕೊಂಡು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ ಒಂದೇಟಿಗೆ 5,000ಕ್ಕೆ ಏರಿತು. ಜೊತೆಗೆ ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ, ಟಿಂಕರಿಂಗ್, ಪೇಂಟಿಂಗ್. ಇಷ್ಟೆಲ್ಲ ಸುರಿದು ಇಟ್ಟುಕೊಳ್ಳುವ ಬದಲು ಅವಧಿ ಮುಗಿಯುವ ಮೊದಲೇ ಬಿಟ್ಟುಕೊಡುವುದು ವಾಸಿ ಅನ್ನಿಸಿತು. ನೀವೂ ಇದೇ ಯೋಚನೆಯಲ್ಲಿದ್ದರೆ ಆರ್‌ಸಿ ಜೀವಂತ ಇರುವಾಗಲೇ ಕೆಲಸ ಮುಗಿಸಿ. ಅವಧಿ ಮುಗಿದ ಗಾಡಿಯನ್ನು ಕೊಳ್ಳುವವರೂ ಸಿಗುವುದಿಲ್ಲ, ದಾನ ತೆಗೆದುಕೊಳ್ಳುವವರೂ ಸಿಗುವುದಿಲ್ಲ.

ಮೊದಲು ದಾನ. ಊರಾಚೆ ಇರುವ ಆ ವೃದ್ಧಾಶ್ರಮಕ್ಕೆ ಅಪ್ಪನನ್ನೂ ಕರೆದುಕೊಂಡು ಹೋದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಕಾಫಿ ಕೊಟ್ಟು ಕೂರಿಸಿದರು. ಆಮೇಲೆ ಶುರುವಾಯಿತು ವಿಚಾರಣೆ. ಇನ್ಶೂರೆನ್ಸ್ ಎಲ್ಲಿಯವರೆಗಿದೆ, ಟೈರ್ ಯಾವಾಗ ಹಾಕಿಸಿದ್ದು, ಆರ್‌ಸಿ ಇನ್ನೆಷ್ಟು ತಿಂಗಳು? ಅಪ್ಪನಿಗೆ ಮುಖ ಸಪ್ಪಗಾಯಿತು. ಹೊರಗೆ ಬಂದ ಮೇಲೆ, "ದಾನ ಕೊಟ್ಟ ಎಮ್ಮೆಯ ಹಲ್ಲು ನೋಡ್ತಾರಲ್ಲೋ" ಅಂದರು. ಹಾಗಾದರೆ ನಚಿಕೇತನ ಅಪ್ಪ ಕೊಟ್ಟ ಹಸುಗಳ ಕಥೆ ಏನು ಅಂತ ಕೇಳಿದೆ. ಹುಲ್ಲು ತಿಂದು ಮುಗಿಸಿದ, ಹಾಲು ಬತ್ತಿದ ಹಸುಗಳನ್ನೇ ದಾನ ಮಾಡಿದ್ದಕ್ಕಲ್ಲವೇ ಮಗ ಪ್ರಶ್ನೆ ಎತ್ತಿದ್ದು? ಉಪನಿಷತ್ತಿನ ವಿಷಯದಲ್ಲಿ ಅಪ್ಪ ಸಾಮಾನ್ಯವಾಗಿ ಸೋಲುವವರಲ್ಲ, ಅವತ್ತು ಮಾತ್ರ ಸುಮ್ಮನಾದರು.

ಮ್ಯಾನೇಜರ್ ವಿಚಾರಿಸಿದ್ದರಲ್ಲಿ ತಪ್ಪೇನೂ ಇಲ್ಲ. ಅವರ ಆವರಣದ ಹೊಂಗೆ ಮರದ ಕೆಳಗೆ ದಾನವಾಗಿ ಬಂದ ಒಂದು ಕಾರು ಆಗಲೇ ನಿಂತಿತ್ತು. ನಾಲ್ಕೂ ಟೈರು ನೆಲ ಕಚ್ಚಿದ್ದವು. ಮುಂದಿನ ಗಾಜಿನ ಮೇಲೆ ಹೊಂಗೆ ಹೂವು ಉದುರಿ ಕೊಳೆತು ಅಂಟಿಕೊಂಡಿತ್ತು, ವೈಪರ್ ಕಡ್ಡಿಯ ರಬ್ಬರ್ ಬಿಸಿಲಿಗೆ ಸೀಳಿ ಎಳೆ ಎಳೆಯಾಗಿತ್ತು. ಓಡಿಸುವುದಕ್ಕೆ ಡ್ರೈವರ್ ಇಲ್ಲ, ವರ್ಷಾವರ್ಷ ಇನ್ಶೂರೆನ್ಸ್ ಕಟ್ಟಲು ಬಜೆಟ್ ಇಲ್ಲ. ಅವರಿಗೆ ಬೇಕಿದ್ದದ್ದು ಮಲಗಿಸಿಕೊಂಡು ಆಸ್ಪತ್ರೆಗೆ ಹೋಗುವಂಥ ಗಾಡಿ. "ಓಮ್ನಿ ಇದ್ದಿದ್ರೆ ಕಣ್ಮುಚ್ಚಿ ತಗೋತಿದ್ವಿ ಸಾರ್" ಅಂತ ಬಾಯಿಬಿಟ್ಟೇ ಹೇಳಿದರು.

ಆದರೂ ಬೇಡ ಅನ್ನಲಿಲ್ಲ. ದಾನ ಬಂದದ್ದನ್ನು ಬೇಡ ಅನ್ನುವುದು ಅವರಿಗೂ ಕಷ್ಟವಿರಬೇಕು. "ಗಾಡಿ ಬಿಟ್ಟು ಹೋಗಿ, ಫಾರಂ ಮೇಲೆ ಸಹಿ ಹಾಕಿಕೊಡಿ, ಹೆಸರು ಆಮೇಲೆ ಬದಲಾಯಿಸಿಕೊಳ್ತೀವಿ" ಅಂದರು. ನಾನು ಹಿಂದೆ ಸರಿದದ್ದು ಇಲ್ಲಿ. ಈ ಒಂದು ವಿಷಯವನ್ನು ಸ್ವಲ್ಪ ಎಳೆದೇ ಹೇಳಬೇಕು.

ಕಾರು ಕೈ ಬದಲಾಯಿಸುವುದು ಬೇರೆ, ಹೆಸರು ಬದಲಾಯಿಸುವುದು ಬೇರೆ. ಮಾರಿದರೂ ಸರಿ, ದಾನ ಕೊಟ್ಟರೂ ಸರಿ, ತಂಗಿಯ ಮಗನಿಗೆ ಪ್ರೀತಿಯಿಂದ ಕೊಟ್ಟರೂ ಸರಿ, ಆರ್‌ಟಿಒಗೆ ಬೇಕಾದದ್ದು ಅದೇ ಫಾರಂ 29 (ಗಾಡಿ ಕೊಟ್ಟಿದ್ದೇನೆ ಅಂತ ತಿಳಿಸುವುದು) ಮತ್ತು ಫಾರಂ 30 (ಹೆಸರು ಬದಲಾವಣೆಯ ಅರ್ಜಿ). ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗೇ ಆದರೆ ಕೊಟ್ಟವರು 14 ದಿನದೊಳಗೆ ತಿಳಿಸಬೇಕು, ತೆಗೆದುಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ನಮ್ಮಲ್ಲಿ ನಡೆಯುವುದು ಬೇರೆ ಥರ. ಖಾಲಿ ಫಾರಂಗಳಿಗೆ ಸಹಿ ಹಾಕಿಸಿ, ಆರ್‌ಸಿ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಬಿಡುತ್ತಾರೆ. ಗಾಡಿ ಮೂರು ಕೈ ದಾಟಿದರೂ ದಾಖಲೆಯಲ್ಲಿ ಓನರ್ ನೀವೇ. ಸಿಗ್ನಲ್ ದಾಟಿದ ದಂಡದ ಮೆಸೇಜು ನಿಮ್ಮ ಮೊಬೈಲಿಗೆ ಬಂದರೆ ಹಾಳಾಗಿ ಹೋಗಲಿ ಅನ್ನಬಹುದು. ಅಪಘಾತವಾದರೆ ಹಾಗನ್ನಲು ಬರುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕಾರು ಕೈಯಿಂದ ಕೈಗೆ ಹೋಗಿತ್ತು, ಅಪಘಾತ ಮಾಡಿದ್ದು ಇನ್ಯಾರದೋ ಕೈಯಲ್ಲಿದ್ದಾಗ, ಆದರೆ ಆರ್‌ಟಿಒ ದಾಖಲೆಯಲ್ಲಿದ್ದದ್ದು ಮೊದಲ ಮಾಲೀಕನ ಹೆಸರು. ಪರಿಹಾರದ ಹೊಣೆ ಅವನ ಮೇಲೇ ಬಂತು.

ಆಶ್ರಮ ಟ್ರಸ್ಟ್ ಆದ್ದರಿಂದ ಇದು ಇನ್ನೂ ಒಂದು ಗಂಟು ಜಾಸ್ತಿ. ಟ್ರಸ್ಟ್ ಹೆಸರಿಗೆ ಗಾಡಿ ಬರಬೇಕಾದರೆ ಟ್ರಸ್ಟ್‌ನ ಪ್ಯಾನ್ ಬೇಕು, ವಿಳಾಸದ ದಾಖಲೆ ಬೇಕು, ಇಂಥವರು ಸಹಿ ಹಾಕಬಹುದು ಅಂತ ಟ್ರಸ್ಟಿಗಳು ಸಭೆ ಸೇರಿ ಠರಾವು ಮಾಡಬೇಕು. ಮುಂದಿನ ಸಭೆ ಯಾವಾಗ ಅಂದರೆ, ಅಧ್ಯಕ್ಷರು ಮಗಳ ಮನೆಯಿಂದ ಬಂದ ಮೇಲೆ. ಅಲ್ಲಿಯವರೆಗೆ ಗಾಡಿ ಅವರ ಬಳಿ, ಹೊಣೆ ನನ್ನ ಬಳಿ. ಠರಾವು ಆದ ಮೇಲೆ ಬರುತ್ತೇನೆ ಅಂತ ಹೇಳಿ ಬಂದೆ. ಫೋನೂ ಮಾಡಿದೆ. ಠರಾವು ಆಗಲಿಲ್ಲ.

ತೆರಿಗೆ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ನಮ್ಮ ದೇಶದಲ್ಲಿ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ, ಜನ 80ಜಿ ಅನ್ನುವುದು, ಸಿಗುವುದು ಹಣ ಕೊಟ್ಟರೆ ಮಾತ್ರ. ಕಾರು, ಅಕ್ಕಿ, ಬಟ್ಟೆ ಏನು ಕೊಟ್ಟರೂ ಲೆಕ್ಕಕ್ಕಿಲ್ಲ. ನಗದಾದರೆ 2,000 ರೂಪಾಯಿ ದಾಟುವಂತಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಹಣ ಕೊಟ್ಟರೂ ಇಲ್ಲ. ನಾನು ಮನೆ ಸಾಲದ ದೆಸೆಯಿಂದ ಇನ್ನೂ ಹಳೇ ಪದ್ಧತಿಯಲ್ಲೇ ಇದ್ದೇನೆ, ಹಾಗಾಗಿ ಚೆಕ್ ಕೊಟ್ಟು, ದಾನಕ್ಕೆ ಸಂಸ್ಥೆ ಕೊಡುವ 10ಬಿಇ ಪ್ರಮಾಣಪತ್ರ ಪಡೆದದ್ದು ಉಪಯೋಗಕ್ಕೆ ಬಂತು. ಸ್ವಂತ ಬಳಕೆಯ ಕಾರು ಮಾರಿ ಬಂದ ದುಡ್ಡಿಗೆ ತೆರಿಗೆ ಇಲ್ಲ, ಅದರ ಚಿಂತೆ ಬೇಡ.

ಆನ್‌ಲೈನ್ ಕಂಪನಿಯದು ಎಲ್ಲರಿಗೂ ಗೊತ್ತಿರುವ ಕಥೆ. ಆಪ್‌ನಲ್ಲಿ 1.7ರಿಂದ 1.9 ಲಕ್ಷ ತೋರಿಸಿತು. ಮನೆಗೆ ಬಂದ ಹುಡುಗ ಬಾಗಿಲ ರಬ್ಬರ್ ಎಳೆದು ನೋಡಿ, ಪೇಂಟ್ ಅಳೆಯುವ ಯಂತ್ರ ಒತ್ತಿ, ನೂರೆಂಟು ಫೋಟೊ ತೆಗೆದ. ಸಂಜೆ ಹೊತ್ತಿಗೆ ಬೆಲೆ 1.28 ಲಕ್ಷಕ್ಕೆ ಇಳಿದಿತ್ತು. ಒಪ್ಪಿದ್ದರೆ ದುಡ್ಡು ಅವತ್ತೇ ಬರುತ್ತಿತ್ತು, ಅದು ಅವರ ದೊಡ್ಡ ಅನುಕೂಲ. ಹೆಸರು ಬದಲಾವಣೆ ಮಾತ್ರ ಅವರು ಮುಂದೆ ಯಾರಿಗೋ ಮಾರಿದ ಮೇಲೆ. ಅಲ್ಲಿಯವರೆಗೆ ಏನೇ ಆದರೂ ನಾವು ನೋಡಿಕೊಳ್ಳುತ್ತೇವೆ ಅಂತ ಒಂದು ಕಾಗದ ಕೊಡುತ್ತಾರಂತೆ. ಕಂಪನಿ ಬರೆದುಕೊಟ್ಟ ಕಾಗದ ಕಂಪನಿಗೂ ನನಗೂ ಸಂಬಂಧಿಸಿದ್ದು, ಗಾಯಗೊಂಡು ಕೋರ್ಟಿಗೆ ಹೋದವರಿಗಲ್ಲ.

ಕಾರ್ ಬಜಾರಿನವರು ಬಾನೆಟ್ ಕೂಡ ಎತ್ತಿ ನೋಡದೆ 1.1 ಲಕ್ಷ ಅಂದರು. ಇಲ್ಲಿ ಒಂದು ಕೇಳಬೇಕಾದ ಪ್ರಶ್ನೆ ಇದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಲ್ಲಿ, ಆರ್‌ಟಿಒ ಮಾನ್ಯತೆ ಪಡೆದ ಡೀಲರ್‌ಗೆ ಗಾಡಿ ಕೊಟ್ಟು ಫಾರಂ 29ಸಿ ಮೂಲಕ ತಿಳಿಸಿದರೆ, ಮುಂದಿನ ಗಿರಾಕಿ ಸಿಗುವವರೆಗೆ ಆ ಡೀಲರೇ ಓನರ್ ಇದ್ದ ಹಾಗೆ. ದಂಡ, ಅಪಘಾತ, ಎಲ್ಲ ಅವರ ತಲೆಗೆ. ನಾನು ಹೋದ ಕಡೆ ಈ ಫಾರಂ ಹೆಸರು ಹೇಳಿದ ಕೂಡಲೇ, "ಅದೆಲ್ಲ ಪೇಪರ್ ಮೇಲೆ ಸಾರ್, ನೀವು ಸಹಿ ಹಾಕಿ, ನಾವಿದೀವಿ" ಅಂದರು. ಎದ್ದು ಬಂದೆ.

ಗುಜರಿಯನ್ನೂ ಯೋಚಿಸಿದ್ದೆ. ಮಾನ್ಯತೆ ಪಡೆದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ಗಾಡಿ ಒಪ್ಪಿಸಿದ್ದಕ್ಕೆ ಒಂದು ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಸಿಗುತ್ತದೆ, ಅದನ್ನು ತೋರಿಸಿದರೆ ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ನಾನು ಕೊಳ್ಳಬೇಕೆಂದಿದ್ದದ್ದು ಸೆಕೆಂಡ್ ಹ್ಯಾಂಡ್, ಹಾಗಾಗಿ ನನಗೆ ಪ್ರಯೋಜನವಿರಲಿಲ್ಲ.

ಕೊನೆಗೆ ಗಾಡಿ ಹೋದದ್ದು ನಮ್ಮ ಮೆಕ್ಯಾನಿಕ್ ಹೇಳಿದ ಒಬ್ಬ ಹೈಸ್ಕೂಲ್ ಮೇಷ್ಟ್ರಿಗೆ, 1.5 ಲಕ್ಷಕ್ಕೆ. ಕಾರಿನ ಗುಣ ದೋಷ ನನಗಿಂತ ಮೆಕ್ಯಾನಿಕ್‌ಗೇ ಚೆನ್ನಾಗಿ ಗೊತ್ತು, ಹಾಗಾಗಿ ಚೌಕಾಸಿ ಹೆಚ್ಚು ನಡೆಯಲಿಲ್ಲ. ಎಸಿ ರಿಪೇರಿ ಖರ್ಚು ಅಂತ ಮೇಷ್ಟ್ರು ಒಂದಿಷ್ಟು ಇಳಿಸಿದರು, ನ್ಯಾಯವಾಗಿಯೇ ಇತ್ತು. ನಾನು ಹಾಕಿದ್ದು ಒಂದೇ ಷರತ್ತು, ಅರ್ಧ ಹಣ ಮುಂಗಡ, ಉಳಿದದ್ದು ಆರ್‌ಟಿಒನಲ್ಲಿ ಅರ್ಜಿ ಸ್ವೀಕೃತಿ ಕೈಗೆ ಬಂದಾಗ, ಕೀಲಿ ಕೊಡುವುದೂ ಆವಾಗಲೇ. ಮೆಕ್ಯಾನಿಕ್ ಬಾನೆಟ್ ಎತ್ತಿ, ಚಾಸಿ ನಂಬರಿನ ಮೇಲಿನ ಜಿಡ್ಡನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಟ್ಟ. ಒಂದು ಅಂಕಿ ಸರಿಯಾಗಿ ಮೂಡದೆ ಮತ್ತೆ ಉಜ್ಜಬೇಕಾಯಿತು. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಪ್ರಿಂಟ್ ಹಿಡಿದು ಇಬ್ಬರೂ ಒಟ್ಟಿಗೇ ಹೋದೆವು. ಏಜೆಂಟ್ ಬೇಕಾಗಲಿಲ್ಲ ಅಂತ ಹೇಳಿದರೆ ನಂಬುತ್ತೀರೋ ಇಲ್ಲವೋ. ಹಳೇ ದಂಡ ಬಾಕಿ ಇದ್ದರೆ ಮೊದಲೇ ಕಟ್ಟಿಕೊಳ್ಳಿ, ಕೌಂಟರಿನಲ್ಲಿ ಅದೊಂದು ಮಾತು ಬರುವುದು ಬೇಡ.

ದಾನವಾಗಲಿ ಮಾರಾಟವಾಗಲಿ, ಎಲ್ಲರೂ ಮರೆಯುವ ಒಂದು ಆಸ್ತಿ ಇದೆ, ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದೇ ಇದ್ದದ್ದಕ್ಕೆ ಇನ್ಶೂರೆನ್ಸ್ ಕಂತಿನಲ್ಲಿ ಸಿಗುವ ರಿಯಾಯಿತಿ. ಅದು ಕಾರಿನದಲ್ಲ, ನಿಮ್ಮದು. ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಮುಂದಿನ ಕಾರಿಗೆ ಬಳಸಬಹುದು. ನನ್ನದು ಶೇ 50 ಇತ್ತು. ಫಾಸ್ಟ್ಯಾಗ್ ಕೂಡ ಬ್ಯಾಂಕಿಗೆ ಹೇಳಿ ಮುಚ್ಚಿಸಿ.

ಈ ತೀರ್ಮಾನ ನನ್ನ ಅಭ್ಯಾಸಕ್ಕೆ ಒಗ್ಗಿದ್ದು ಅನ್ನುವುದೂ ನಿಜ. ಜಾಹೀರಾತು ಹಾಕಿ, "ಲಾಸ್ಟ್ ಎಷ್ಟು" ಅಂತ ರಾತ್ರಿ ಹತ್ತಕ್ಕೆ ಬರುವ ಫೋನ್ ಎತ್ತುವ ತಾಳ್ಮೆ ನನಗಿಲ್ಲ. ನಂಬಿಕೆಯ ಮೆಕ್ಯಾನಿಕ್ ಇದ್ದಾನೆ, ಕಾಯುವುದಕ್ಕೆ ಸಮಯ ಇತ್ತು, ಮುಂದಿನ ಕಾರಿಗೆ ಮುಂಗಡಕ್ಕೆ ದುಡ್ಡೂ ಬೇಕಿತ್ತು. ಅಪ್ಪನ ಪಾಲಿನ 25,000 ರೂಪಾಯಿಗೆ ಚೆಕ್ ಬರೆದು ಆಶ್ರಮಕ್ಕೆ ಕೊಟ್ಟಾಗ ಮ್ಯಾನೇಜರ್ ಹಲ್ಲು ಎಣಿಸಲಿಲ್ಲ, ಅವರಿಗೆ ಔಷಧದ ಅಂಗಡಿಯ ಬಾಕಿ ತೀರಿಸುವುದಿತ್ತು.

ಕಾರನ್ನೇ ಕೊಡುತ್ತೇನೆ ಅನ್ನುವವರು ಇರುತ್ತಾರೆ. ಸಂಸ್ಥೆಗೆ ಸ್ವಂತ ಡ್ರೈವರ್ ಇದ್ದು, ಅಂಥದ್ದೇ ಗಾಡಿ ಬೇಕು ಅಂತ ಅವರೇ ಕೇಳಿದ್ದು, ಆರ್‌ಸಿಗೆ ಇನ್ನೂ ನಾಲ್ಕೈದು ವರ್ಷ ಉಳಿದಿದ್ದರೆ ಧಾರಾಳವಾಗಿ ಕೊಡಿ. ಠರಾವಿನ ಪ್ರತಿ ಕೈಗೆ ಬರುವವರೆಗೆ ಕೀಲಿ ಮಾತ್ರ ನಿಮ್ಮ ಜೇಬಿನಲ್ಲೇ ಇರಲಿ. ಬೆಂಗಳೂರಿನಲ್ಲಿದ್ದು, ವರ್ಗಾವಣೆಯಾಗಿ ಮುಂದಿನ ವಾರವೇ ಊರು ಬಿಡುವವರಿಗೆ ನನ್ನ ದಾರಿ ಆಗಿಬರುವುದಿಲ್ಲ. ಅವರು 20,000 ಕಡಿಮೆ ಬಂದರೂ ಸರಿ, ಫಾರಂ 29ಸಿ ಕೊಡುವ ಡೀಲರ್‌ನನ್ನೇ ಹುಡುಕಿಕೊಳ್ಳಬೇಕು.