ಒಂಟಾರಿಯೊದ ಗಾಂಜಾ ಗಮ್ಮಿ: ಚಳಿಗಾಲದ ಖಿನ್ನತೆಗೆ ಎಷ್ಟು ತಕ್ಕದ್ದು?

ಡಿಸೆಂಬರ್ ಕೊನೆಗೆ ಟೊರೊಂಟೊದಲ್ಲಿ ಹಗಲು ಒಂಬತ್ತು ತಾಸಿಗಿಂತ ತುಸು ಕಡಿಮೆ. ಕತ್ತಲಲ್ಲೇ ಕೆಲಸಕ್ಕೆ ಹೊರಟು ಕತ್ತಲಲ್ಲೇ ಮನೆ ಸೇರುವ ಈ ತಿಂಗಳುಗಳಲ್ಲಿ ಮನಸ್ಸು ಮಂಕಾದವರು ಲೈಸೆನ್ಸ್ ಇರುವ ಅಂಗಡಿಯಿಂದ ಗಾಂಜಾ ಗಮ್ಮಿ, ಅಂದರೆ ಗಾಂಜಾ ಬೆರೆಸಿದ ಮೆತ್ತನೆಯ ಮಿಠಾಯಿ, ತರುವುದುಂಟು. ಕೆನಡಾದಲ್ಲಿ ಗಾಂಜಾ 2018ರ ಅಕ್ಟೋಬರ್ 17ರಿಂದ ಕಾನೂನುಬದ್ಧ. ತಿನ್ನುವ ರೂಪದವು ಅಂಗಡಿಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಕೊಳ್ಳಲು 19 ವರ್ಷ ತುಂಬಿರಬೇಕು.

ಈ ಗಮ್ಮಿಯಲ್ಲಿ ಮನಸಾರೆ ಮೆಚ್ಚಬೇಕಾದದ್ದು ಅದರ ಲೇಬಲ್. ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ (ಗಾಂಜಾದ ಅಮಲೇರಿಸುವ ಅಂಶ) ಇರುವಂತಿಲ್ಲ. ಒಂದೊಂದು ತುಂಡಿನಲ್ಲಿ ಎಷ್ಟಿದೆ ಎಂಬುದನ್ನೂ ಬರೆದಿರುತ್ತಾರೆ. ಕೆಂಪು ಅಷ್ಟಕೋನದ ಗುರುತು ಮತ್ತು ಸುಂಕದ ಮುದ್ರೆಚೀಟಿ, ಇವೆರಡನ್ನೂ ನೋಡಿಯೇ ಕೊಳ್ಳಿ. ಒಂದೇ ಪೊಟ್ಟಣದಲ್ಲಿ 500 ಮಿಲಿಗ್ರಾಂ ಎಂದು ಹೇಳಿಕೊಳ್ಳುವ ಬಣ್ಣಬಣ್ಣದ ಮಿಠಾಯಿ ಕಳ್ಳಮಾಲು. ಅದರಲ್ಲಿ ನಿಜಕ್ಕೂ ಎಷ್ಟಿದೆಯೆಂದು ಯಾರೂ ಪರೀಕ್ಷಿಸಿರುವುದಿಲ್ಲ. ಸೇದಲು ಒಣಗಿದ ಗಾಂಜಾ ಹೂವು ಕೊಳ್ಳುವವರು, ಲೇಬಲ್‌ನಲ್ಲಿ ‘ಟಿಎಚ್‌ಸಿ’, ‘ಟೋಟಲ್ ಟಿಎಚ್‌ಸಿ’ ಎಂದು ಎರಡು ಅಂಕಿಗಳಿದ್ದರೆ, ‘ಟೋಟಲ್ ಟಿಎಚ್‌ಸಿ’ಯ ಅಂಕಿಯನ್ನು ಓದಬೇಕು. ಸುಟ್ಟಾಗ ಸಿಗಬಹುದಾದ ಪ್ರಮಾಣ ಎರಡನೆಯದು, ಅದು ಮೊದಲನೆಯದಕ್ಕಿಂತ ಬಹಳ ದೊಡ್ಡದಿರುತ್ತದೆ.

ಹೊಸಬರಿಗೆ 2.5 ಮಿಲಿಗ್ರಾಂ ಸಾಕು. 10 ಮಿಲಿಗ್ರಾಂನ ಒಂದೇ ಗಮ್ಮಿ ತಂದು ನಾಲ್ಕಾಗಿ ಕತ್ತರಿಸಿದರೆ ತುಂಡುಗಳು ಸಮ ಬರುವುದಿಲ್ಲ. 2.5ರ ನಾಲ್ಕು ತುಂಡುಗಳಿರುವ ಪೊಟ್ಟಣ ಸಿಕ್ಕರೆ ಅದೇ ಒಳ್ಳೆಯದು. ಮರುದಿನ ರಜೆ ಇರುವ ಸಂಜೆ, ಮನೆಯಲ್ಲಿ, ನಂಬಿಕಸ್ಥರು ಜೊತೆಗಿರುವಾಗ ತೆಗೆದುಕೊಳ್ಳಿ. ಜೊತೆಗೆ ಮದ್ಯ ಬೇಡ.

ಹೆಚ್ಚಿನವರು ಎಡವುವುದು ಮುಕ್ಕಾಲು ಗಂಟೆಯ ಹೊತ್ತಿಗೆ. ಏನೂ ಏರಲಿಲ್ಲವಲ್ಲ ಎಂದು ಇನ್ನೊಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ತಿಂದದ್ದು ಹೊಟ್ಟೆ, ಕರುಳು ದಾಟಿ ಯಕೃತ್ತಿಗೆ ಹೋಗಿ, ಅಲ್ಲಿ 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ ಜೋರಾದ ರೂಪ ಪಡೆಯುತ್ತದೆ. ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ, ಪೂರ್ತಿ ಏರಲು ನಾಲ್ಕು ಗಂಟೆಯವರೆಗೂ ಬೇಕಾದೀತು. ಇಳಿಯಲು ಹನ್ನೆರಡು ಗಂಟೆ, ಕೆಲವರಿಗೆ ಮಬ್ಬು ಮರುದಿನಕ್ಕೂ ಉಳಿಯುತ್ತದೆ. ಹೊಟ್ಟೆ ತುಂಬ ಉಂಡಿದ್ದರೆ ಇನ್ನೂ ತಡ. ಆ ರಾತ್ರಿ ಎರಡನೆಯ ತುಂಡು ಮುಟ್ಟದಿರುವುದೇ ಕ್ಷೇಮ. ಕಾರಿನ ಕೀಲಿಯನ್ನೂ ಮುಟ್ಟಬೇಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಖಿನ್ನತೆಯ ಮದ್ದಾಗಿ ಈ ಗಮ್ಮಿಗೆ ಒಳ್ಳೆಯ ಅಂಕ ಕೊಡಲಾಗದು. ಗಾಂಜಾದಿಂದ ಖಿನ್ನತೆ ಗುಣವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅದರಲ್ಲೂ ಚಳಿಗಾಲದ ಖಿನ್ನತೆಯ ಲಕ್ಷಣಗಳೇ ಅತಿ ನಿದ್ದೆ, ಸಿಹಿ ಮತ್ತು ಅನ್ನ-ಬ್ರೆಡ್ಡಿನ ಮೇಲಿನ ಹಂಬಲ, ಮೈಭಾರ. ಗಾಂಜಾ ಹಸಿವನ್ನೂ ಮರುದಿನದ ಮಬ್ಬನ್ನೂ ಹೆಚ್ಚಿಸಿದರೆ ಬೆಳಗ್ಗೆ ಏಳುವುದೇ ಕಷ್ಟ. ಈ ಕಾಯಿಲೆಗೆ ಬೇಕಾದದ್ದೋ ಬೆಳಗಿನ ಬೆಳಕು! ದಿನವೂ ತಿಂದರೆ ದೇಹ ಒಗ್ಗಿಹೋಗಿ ಪ್ರಮಾಣ ಏರುತ್ತದೆ. ಬಿಟ್ಟ ದಿನ ಸಿಡುಕು, ನಿದ್ರೆಗೇಡು ಬರುತ್ತವೆ. ಅದನ್ನೇ ಖಿನ್ನತೆ ಮರಳಿತೆಂದು ತಿಳಿದು ಮತ್ತೆ ತಿನ್ನುವವರಿದ್ದಾರೆ.

ಹಣ ಹಾಕುವುದಾದರೆ ಮೊದಲು 10,000 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಲೈಟ್ ಥೆರಪಿ ದೀಪಕ್ಕೆ ಹಾಕಿ. ಎದ್ದ ಕೂಡಲೇ 30 ನಿಮಿಷ, ತಯಾರಕರು ಹೇಳಿದಷ್ಟು ದೂರದಲ್ಲಿ, ಕಣ್ಣು ತೆರೆದು ಆದರೆ ದೀಪವನ್ನೇ ದಿಟ್ಟಿಸದೆ ಕೂರಬೇಕು. ದೂರ ಹೆಚ್ಚಿದರೆ ಲಕ್ಸ್ ಸರ್ರನೆ ಕುಸಿಯುತ್ತದೆ. ಕೆಲಸ ಮಾಡಲಿಲ್ಲ ಎಂಬ ದೂರಿಗೆ ಅನೇಕ ಸಲ ಇದೇ ಕಾರಣ. 2006ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ಈ ಬೆಳಕು ಖಿನ್ನತೆಯ ಮಾತ್ರೆಯಾದ 20 ಮಿಲಿಗ್ರಾಂ ಫ್ಲೂಆಕ್ಸೆಟಿನ್‌ನಷ್ಟೇ ಫಲ ಕೊಟ್ಟಿತು. ಬೈಪೋಲಾರ್ (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ತೂಗಾಡುವ ಕಾಯಿಲೆ) ಅಥವಾ ರೆಟಿನಾ (ಕಣ್ಣಿನ ಒಳಪರದೆ) ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ದೀಪ ಬಳಸಬಾರದು.

ತಮಗಾಗಲಿ ಮನೆತನದಲ್ಲಾಗಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಇದ್ದವರು, ಬೈಪೋಲಾರ್ ಇರುವವರು, ಗರ್ಭಿಣಿಯರು, ಎದೆಹಾಲು ಉಣಿಸುವವರು ಗಾಂಜಾದಿಂದ ದೂರವಿರಬೇಕು. ಎಳೆಯ ಮಿದುಳಿಗೆ ಅಪಾಯ ಹೆಚ್ಚು, ಆದ್ದರಿಂದ 25 ದಾಟದವರೂ ಬಿಡುವುದು ಒಳ್ಳೆಯದು. ಗಾಂಜಾದ ಅಮಲೇರಿಸದ ಅಂಶವಾದ ಸಿಬಿಡಿ ನಿರುಪದ್ರವಿ ಎಂಬ ಮಾತು ಪೂರ್ತಿ ನಿಜವಲ್ಲ. ಅದು ಸಿಟಲೋಪ್ರಾಮ್, ಎಸಿಟಲೋಪ್ರಾಮ್‌ನಂತಹ ಖಿನ್ನತೆಯ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲದು. ಈ ಪ್ರಶ್ನೆಯನ್ನು ಅಂಗಡಿಯವರಿಗಲ್ಲ, ಫಾರ್ಮಸಿಸ್ಟ್‌ಗೆ ಕೇಳಿ.

ಗಾಂಜಾ ಪ್ರಮಾಣ ಹೆಚ್ಚಾಗಿ ಯಾರಿಗಾದರೂ ಎದೆ ಢವಢವ ಎಂದು ಗಾಬರಿಯಾದರೆ ಸದ್ದಿಲ್ಲದ ಕಡೆ ಮಲಗಿಸಿ, ನೀರು ಕೊಡಿ, ಒಬ್ಬರು ಪಕ್ಕದಲ್ಲಿರಿ. ಎದೆನೋವು ಬಂದರೆ, ಎಚ್ಚರ ತಪ್ಪಿದರೆ ತುರ್ತು ಸೇವೆಯ 911ಕ್ಕೆ ಕರೆ ಮಾಡಿ. ಮಗು ತಿಂದಿದ್ದರೆ ಲಕ್ಷಣಕ್ಕೆ ಕಾಯದೆ ವಿಷ ಸಹಾಯವಾಣಿ 1-844-764-7669ಕ್ಕೆ ಕರೆ ಮಾಡಿ. ಸಾಯುವ ಯೋಚನೆ ಸುಳಿದರೆ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಅಥವಾ ಮೆಸೇಜ್ ಮಾಡಬಹುದು.

ಉಳಿದ ಗಮ್ಮಿಯನ್ನು ಊರಿಗೆ ಹೊರಟ ಸೂಟ್‌ಕೇಸಿಗೆ ಹಾಕಬೇಡಿ. ಕೆನಡಾದ ಗಡಿ ದಾಟಿಸುವುದೇ ಅಪರಾಧ, ಬೆಂಗಳೂರಿನಲ್ಲಿ ಇಳಿದರೆ ಭಾರತದ ಮಾದಕವಸ್ತು ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆ ಕಾದಿರುತ್ತದೆ.